ಶೇಂಗಾ ಇಲ್ಲದ ದೀಪಾವಳಿ

ಹೋದ ವಾರ ಜಮಖಂಡಿ ಬಸ್ ನಿಲ್ದಾಣದಲ್ಲಿ ನನ್ನ ಗಾಡಿ ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಟಿಕೆಟ್ ಮಷೀನು ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಗ ಶೇಂಗಾ ಮಾರುವ ಹೆಂಗಸೊಬ್ಬಳು ಬುಟ್ಟಿ ಹಿಡಿದು ಹತ್ತಿದಳು. ಆಗಷ್ಟೇ ಹುರಿದದ್ದು. ಬಿಸಿ ಸಿಪ್ಪೆಯ ವಾಸನೆ ಗಾಡಿಯ ತುಂಬ ಹರಡಿತು. ಹಿಂದಿನ ಸೀಟಿನ ಹಿರಿಯರೊಬ್ಬರು ಕಣ್ಣು ಮುಚ್ಚಿ ಉಸಿರೆಳೆದುಕೊಂಡು, “ಏನ್ ಛಲೋ ವಾಸನಿ ಬಂತ್ರೀ” ಅಂದರು. ನಾನು ಮಾತ್ರ ಹೆಗಲ ಚೀಲದೊಳಗೆ ಕೈ ಹಾಕಿ, ಇಂಜೆಕ್ಷನ್ ಇಟ್ಟ ಸಣ್ಣ ಡಬ್ಬಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದೆ. ಮಗಳು ಆಗ ಸಾಲೆಯಲ್ಲಿದ್ದಳು, ನನ್ನ ಹತ್ತಿರ ಇರಲೇ ಇಲ್ಲ. ಆದರೂ ಆ ವಾಸನೆ ಬಂದರೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ನಾಲ್ಕು ವರ್ಷದ ಹಿಂದೆ, ನಾಗರ ಪಂಚಮಿಯಿಂದ ದೀಪಾವಳಿಯವರೆಗೆ ಕಳೆದ ದಿನಗಳು ಕಲಿಸಿದ ಅಭ್ಯಾಸ ಅದು.

ನಮ್ಮ ಮನೆ ರಬಕವಿಯಲ್ಲಿ. ಗಂಡ ಮಹಾಂತೇಶ ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಾರೆ. ನಾನು ಜಮಖಂಡಿಯಲ್ಲಿ ಕಂಡಕ್ಟರ್. ಕೆಲವು ದಿನ ಮುಧೋಳದ ಗಾಡಿ, ಕೆಲವು ದಿನ ಬೀಳಗಿಯದು. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಹೀಗಾಗಿ ಮಗಳು ಸೃಷ್ಟಿಯನ್ನು ಎತ್ತಿ ಆಡಿಸಿದವರು, ಉಣ್ಣಿಸಿದವರು, ಮಲಗಿಸಿದವರು ನನ್ನ ಅತ್ತೆ ನೀಲವ್ವ. ಆಗ ಸೃಷ್ಟಿಗೆ ನಾಲ್ಕು ವರ್ಷ. ಅಜ್ಜಿಯನ್ನು ಅವಳು ಕರೆಯುವುದು ಆಯಿ ಎಂದು, ಆಯಿ ಎಂದರೆ ಅವಳಿಗೆ ಜೀವ. ನನಗಿಂತ ಒಂದು ಕೈ ಹೆಚ್ಚೇ ಎಂದರೂ ಸುಳ್ಳಲ್ಲ.

ಅತ್ತೆಯ ತವರು ತೇರದಾಳದ ಕಡೆ. ಶೇಂಗಾ ಬೆಳೆಯುವ ಹೊಲದಲ್ಲೇ ದೊಡ್ಡವರಾದವರು. ನಮ್ಮ ಅಡುಗೆಮನೆಯ ಪಕ್ಕದ ಸಾಮಾನಿನ ಖೋಲಿಯಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಶೇಂಗಾದ ಚೀಲ, ಅದರ ಪಕ್ಕ ಗಾಣದ ಶೇಂಗಾ ಎಣ್ಣೆಯ ಡಬ್ಬ, ಮೇಲಿನ ಹಲಗೆಯ ಮೇಲೆ ಹಿಂಡಿಯ ಭರಣಿ. ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಎನ್ನುತ್ತೇವೆ. ರೊಟ್ಟಿಗೆ ಶೇಂಗಾ ಹಿಂಡಿ, ಪಲ್ಯಕ್ಕೆ ಶೇಂಗಾ ಪುಡಿ, ಬದನೆಕಾಯಿಯ ಹೊಟ್ಟೆಗೆ ಶೇಂಗಾ. ಸೃಷ್ಟಿ ಮಾತ್ರ ಹಿಂಡಿ ಬಾಯಿಗಿಟ್ಟರೆ ಉಗುಳುತ್ತಿದ್ದಳು. ಒಮ್ಮೊಮ್ಮೆ ಮೈಮೇಲೆ ಕೆಂಪು ಗಂಧೆ ಏಳುತ್ತಿದ್ದವು. ಪಿತ್ತ ಎಂದುಕೊಂಡು ಅತ್ತೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಅದೂ ಶೇಂಗಾ ಎಣ್ಣೆಯೇ.

ಆ ಪಂಚಮಿಯ ದಿನ ನಾನು ಮಧ್ಯಾಹ್ನವೇ ಮನೆಗೆ ಬಂದಿದ್ದೆ. ಹೊರಗೆ ಜಿಟಿಜಿಟಿ ಮಳೆ. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದ್ದರು. ಸೃಷ್ಟಿ ಅದರ ಮೇಲೆ ಕೂತಿದ್ದಳು. ಅತ್ತೆ ಅವಳ ಕೈಗೆ ಶೇಂಗಾ ಉಂಡಿ ಕೊಟ್ಟು, “ಇದನ್ನ ಪೂರಾ ತಿಂದ್ರ ಅಷ್ಟ ತೂಗ್ತೇನಿ ನೋಡ” ಅಂತ ಪುಸಲಾಯಿಸುತ್ತಿದ್ದರು. ಬೆಲ್ಲ ಹೆಚ್ಚಿದ್ದ ಉಂಡಿ. ಜೋಕಾಲಿಯ ಆಸೆಗೆ ಮಗಳು ಅದನ್ನು ತಿಂದುಬಿಟ್ಟಳು. ನಾನು ಸೀರೆ ಬದಲಿಸಿ ಹೊರಗೆ ಬರುವಷ್ಟರಲ್ಲಿ ಜೋಕಾಲಿ ನಿಂತಿತ್ತು. ಸೃಷ್ಟಿ ಕೊರಳು ಕೆರೆದುಕೊಳ್ಳುತ್ತಿದ್ದಳು. ತುಟಿ ಊದಿ ಮುಖದ ಗುರುತೇ ಬದಲಾಗಿತ್ತು. ಉಸಿರು ಎಳೆದರೆ ಎದೆಯೊಳಗಿಂದ ಸೀಟಿಯಂಥ ಸಪ್ಪಳ ಬರುತ್ತಿತ್ತು.

“ಅವ್ವಾ, ಗಂಟಲಾಗ ಏನೋ ಕುಂತೈತಿ” ಅಂದಳು. ಆಮೇಲೆ ಮಾತು ಬರಲಿಲ್ಲ.

ಹಬ್ಬದ ದಿನ, ಓಣಿಯ ದವಾಖಾನೆಗೆ ಬೀಗ. ಗಂಡ ಬೈಕ್ ಹೊರಗೆ ತೆಗೆದರು. ಮಗಳನ್ನು ಎದೆಗೆ ಅವಚಿಕೊಂಡು ಹಿಂದೆ ಕೂತೆ. ಜಮಖಂಡಿಯವರೆಗಿನ ದಾರಿ ನನಗೆ ಅಂಗೈಯಷ್ಟು ಪರಿಚಯ, ಯಾವ ತಿರುವಿನಲ್ಲಿ ಯಾವ ಗುಂಡಿ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆ ದಿನ ಆ ದಾರಿ ಮುಗಿಯಲೇ ಇಲ್ಲ. ಮಳೆಯ ಸಪ್ಪಳದಲ್ಲಿ ಅವಳ ಉಸಿರು ಕೇಳದೆ, ಬಾಯಿಯ ಹತ್ತಿರ ನನ್ನ ಕೆನ್ನೆ ಹಿಡಿದು ಬಿಸಿ ಗಾಳಿ ತಾಗುತ್ತದೋ ಇಲ್ಲವೋ ನೋಡುತ್ತ ಹೋದೆ.

ಮಕ್ಕಳ ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಕೂಸನ್ನು ನೋಡಿದ್ದೇ ಒಂದು ಮಾತೂ ಕೇಳದೆ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಉಸಿರು ಹಗುರಾದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು: “ಶೇಂಗಾ ಇಕಿಗೆ ಒಗ್ಗಂಗಿಲ್ಲ. ಒಗ್ಗಂಗಿಲ್ಲ ಅಂದ್ರ ಹೊಟ್ಟಿ ನೋವ ಬರತೈತಿ ಅಂತಲ್ಲ. ಜೀವಕ್ಕ ಬರತೈತಿ. ತಿನ್ನೋದಂತೂ ದೂರ, ಶೇಂಗಾ ಮುಟ್ಟಿದ ಚಮಚಾ ಮತ್ತೊಂದರಾಗ ಹೋದ್ರೂ ಸಾಕು.” ಇಂಜೆಕ್ಷನ್ನಿನ ಗಾಜಿನ ಸೀಸೆ ಮತ್ತು ಸಿರಿಂಜು ಕೊಟ್ಟು, ಎಷ್ಟು ಎಳೆಯಬೇಕೆಂದು ಸಿರಿಂಜಿನ ಮೇಲೆ ಗೆರೆ ಎಳೆದು, ಸೀಸೆಯ ಕೊರಳು ಮುರಿಯುವುದರಿಂದ ಹಿಡಿದು ತೊಡೆಯ ಯಾವ ಜಾಗಕ್ಕೆ ಚುಚ್ಚಬೇಕೆಂಬವರೆಗೆ ಎಲ್ಲ ಕಲಿಸಿದರು. “ಇದು ಮನ್ಯಾಗ ಇರಬೇಕು, ನಿಮ್ಮ ಚೀಲದಾಗೂ ಇರಬೇಕು. ಕೊಟ್ಟ ಮ್ಯಾಲ ಮನ್ಯಾಗ ಕುಂಡ್ರಬ್ಯಾಡ್ರಿ, ಸೀದಾ ಇಲ್ಲಿಗೆ ಬರ್ರಿ.”

ಮನೆಗೆ ಬಂದ ದಿನವೇ ನಾನು ಸಾಮಾನಿನ ಖೋಲಿಗೆ ಕೈ ಹಾಕಿದೆ. ಶೇಂಗಾದ ಚೀಲ ಎಳೆದು ಪಡಸಾಲೆಗೆ ತಂದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು.

“ಎಲ್ಲಿಗಿ ಒಯ್ಯಾಕತ್ತಿ?”

“ಹೊರಗ ಕೊಡ್ತೇನ್ರಿ ಅತ್ತಿಯಾರ. ಮನ್ಯಾಗ ಶೇಂಗಾ ಇರಬಾರ್ದಂತ.”

“ನಾಕು ಮಕ್ಕಳನ್ನ ಶೇಂಗಾ ತಿನಸೇ ಬೆಳಸೀನಿ. ನನ್ನ ಕೈಯಾಗಿನ ಉಂಡಿ ವಿಷ ಆತೇನು? ನಾ ವಿಷ ಹಾಕಿದ್ನೇನು ಕೂಸಿಗಿ?”

“ಹಂಗ ಯಾರಂದ್ರು?”

“ಬಾಯಿಲೆ ಅನಬೇಕಂತಿಲ್ಲ.”

ಅವರ ಕಣ್ಣಲ್ಲಿ ನೀರಿತ್ತು. ಅದು ಸಿಟ್ಟಲ್ಲ, ಹೆದರಿಕೆ ಎಂದು ನನಗೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ನನ್ನಲ್ಲೂ ಹೆದರಿಕೆ ಬಿಟ್ಟು ಬೇರೆ ಏನೂ ಉಳಿದಿರಲಿಲ್ಲ. ಚೀಲ ಹೋಯಿತು, ಎಣ್ಣೆ ಹೋಯಿತು, ಭರಣಿಗಳು ಹೋದವು. ಒರಳನ್ನು ಬಿಸಿನೀರು ಹಾಕಿ ತಿಕ್ಕಿದೆ, ಆಮೇಲೂ ನಂಬಿಕೆ ಬಾರದೆ ಹಿತ್ತಲಿಗೆ ಉರುಳಿಸಿದೆ. ಅತ್ತೆ ಆ ದಿನ ಬರಿ ರೊಟ್ಟಿ, ಮೊಸರು ಉಂಡರು. ಮರುದಿನದಿಂದ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಏನು ಹೇಳುವುದಿದ್ದರೂ ಮಗನ ಮುಖ ನೋಡಿ ಹೇಳುತ್ತಿದ್ದರು. ಗಂಡ ತಮ್ಮ ಅವ್ವನಿಗೂ ನನಗೂ ನಡುವೆ ಸಿಕ್ಕು, ಮಗ್ಗದ ಶೆಡ್ಡಿನಲ್ಲೇ ಹೆಚ್ಚು ಹೊತ್ತು ಇರತೊಡಗಿದರು.

ಖೋಲಿ ಬರಿದು ಮಾಡುವುದು ಸುಲಭವಿತ್ತು. ತುಂಬುವುದು ಸುಲಭವಿರಲಿಲ್ಲ. ಗಾಣಕ್ಕೆ ಹೋಗಿ ಕುಸುಬಿ ಎಣ್ಣೆ ಕೇಳಿದರೆ, ಅದೇ ಗಾಣದಲ್ಲಿ ಮುಂಜಾನೆ ಶೇಂಗಾ ಹಾಕಿರುತ್ತಿದ್ದರು. ಕಿರಾಣಿ ಅಂಗಡಿಯಲ್ಲಿ ಶೇಂಗಾದ ಚೀಲದಲ್ಲಿ ಆಡಿದ ಮೊಗೆಯೇ ಬೇಳೆಯ ಚೀಲಕ್ಕೂ ಹೋಗುತ್ತಿತ್ತು. ನಾನು ಎದುರು ನಿಂತು ಅಂಗಡಿಯವರ ಕೈಯನ್ನೇ ನೋಡುತ್ತಿದ್ದೆ. “ಅಕ್ಕಾರ, ಏನ್ ಕಳ್ಳರನ್ನ ಹಿಡದಂಗ ನೋಡ್ತೀರಿ?” ಎಂದು ಅಂಗಡಿಯವರು ಒಮ್ಮೆ ನಕ್ಕರು. ನನಗೆ ನಗು ಬರಲಿಲ್ಲ.

ಕೊನೆಗೆ ನನ್ನ ಗಾಡಿಯೇ ನೆರವಿಗೆ ಬಂತು. ಗಲಗಲಿಯಲ್ಲಿ ನನ್ನ ತವರು. ನಮ್ಮಣ್ಣ ಹೊಲದ ಗೋಧಿ, ಕಡಲೆ, ಅಗಸಿ, ಗುರೆಳ್ಳು ಎಲ್ಲ ಹೊಸ ಚೀಲಗಳಲ್ಲಿ ಕಟ್ಟಿ ಬೀಳಗಿಯ ನಿಲ್ದಾಣಕ್ಕೆ ತಂದುಕೊಡುತ್ತಿದ್ದ. ಮುಧೋಳದಲ್ಲಿ ಕಬ್ಬಿನ ಗಾಣದ ಮನೆಯಿಂದ ನೇರವಾಗಿ ಬೆಲ್ಲದ ಪೆಂಟೆ. ಎಣ್ಣೆಗೆ ಮಾತ್ರ ಸೀಲ್ ಹಾಕಿದ ಸೂರ್ಯಕಾಂತಿಯ ಡಬ್ಬ. ನನ್ನ ಸೀಟಿನ ಕೆಳಗೆ ದಿನಕ್ಕೊಂದು ಗಂಟು ಇರುತ್ತಿತ್ತು. ಡ್ರೈವರ್ ಸಂಗಪ್ಪಣ್ಣ, “ತಂಗೀ, ಇದೇನ್ ಬಸ್ಸೋ ಕಿರಾಣಿ ಅಂಗಡಿಯೋ?” ಎಂದು ಕೇಳಿ, ಕಾರಣ ತಿಳಿದ ಮೇಲೆ ತಾವೇ ಗಂಟನ್ನು ಇಂಜಿನ್ನಿನ ಬಿಸಿ ತಾಗದ ಕಡೆ ಸರಿಸಿ ಇಡುತ್ತಿದ್ದರು.

ಹಾಗೆಂದು ನೆಮ್ಮದಿ ಇರಲಿಲ್ಲ. ಟಿಕೆಟ್ ಹರಿಯುವಾಗ, ಸೀಟಿ ಊದುವಾಗ, ಚಿಲ್ಲರೆ ಕೊಡುವಾಗ ಒಂದೇ ಯೋಚನೆ. ಈಗ ಮನೆಯಲ್ಲಿ ಅವಳ ಬಾಯಿಗೆ ಏನು ಹೋಗುತ್ತಿದೆ? ಅತ್ತೆ ಎಲ್ಲಾದರೂ ಒಂದು ಭರಣಿ ಉಳಿಸಿಕೊಂಡಿದ್ದಾರೆಯೇ? ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಮಗಳ ತುಟಿ ನೋಡುತ್ತಿದ್ದೆ. ಅತ್ತೆ ನಾನು ನೋಡುವುದನ್ನು ನೋಡುತ್ತಿದ್ದರು.

ದಸರೆಯ ಮುಂಚೆ ಒಂದು ದಿನ ಮುಧೋಳದಲ್ಲಿದ್ದಾಗ ಗಂಡನ ಫೋನ್ ಬಂತು. ಸೃಷ್ಟಿಯ ಮೈತುಂಬ ಗಂಧೆ ಎದ್ದಿವೆ, ಉಸಿರು ಸರಿ ಇದೆ, ಡಾಕ್ಟರಿಗೆ ಕೇಳಿ ಔಷಧ ಕುಡಿಸಿದ್ದೇನೆ, ಇಳಿಯುತ್ತಿವೆ ಎಂದರು. ಉಳಿದ ಟ್ರಿಪ್ಪು ಹೇಗೆ ಮುಗಿಸಿದೆನೋ ತಿಳಿಯದು. ಆ ದಿನ ಅತ್ತೆಯ ಎದುರು ನಿಂತು ಕೇಳಿಯೇ ಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ.

ಅತ್ತೆ ಪಡಸಾಲೆಯ ನೆಲದ ಮೇಲೆ ಕೂತಿದ್ದರು. ಮುಂದೆ ಮೊರ. ಮೊರದ ತುಂಬ ಪುಟಾಣಿ, ಅಂದರೆ ಹುರಿಗಡಲೆ. ಆ ದಿನ ಮುಂಜಾನೆ ಅದರದ್ದೇ ಚಟ್ನಿ ಮಾಡಿದ್ದರು. ಪೇಟೆಯಿಂದ ಬಿಡಿಯಾಗಿ ಕೊಂಡು ತಂದ ಸಾಮಾನು ಅದೊಂದೇ. ಡಬ್ಬ ಪೂರ್ತಿ ಸುರಿದುಕೊಂಡು ಒಂದೊಂದೇ ಕಾಳು ಬೆರಳಿನಿಂದ ಸರಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಂಗೈ ಮುಂದೆ ಚಾಚಿದರು. ಅಂಗೈಯಲ್ಲಿ ಅರ್ಧ ಶೇಂಗಾ ಬೇಳೆ.

“ಹುರಿಯೋ ಭಟ್ಟ್ಯಾಗ ಎರಡೂ ಒಂದ ಉಸುಕಿನ್ಯಾಗ ಹುರೀತಾರ ಬೇ ಗಿರಿಜಾ. ನಾ ಮರತಿದ್ದೆ.” ಬೇಳೆಯನ್ನು ಬೆಳಕಿಗೆ ಹಿಡಿದರು. “ಇಷ್ಟರಿಂದ ಆಗತೈತೇನ? ಇಷ್ಟ… ಇದು ಇರಿವಿಗೂ ಸಾಲಂಗಿಲ್ಲ.”

“ಆಗತೈತ್ರಿ ಅತ್ತಿಯಾರ.”

ಅವರು ಆ ಬೇಳೆಯನ್ನು ಡಬ್ಬದೊಳಗೆ ಹಾಕಿದರು. ಆಮೇಲೆ ಎದ್ದು ಮೊರ, ಡಬ್ಬ ಎರಡನ್ನೂ ಹೊರಗೆ ಇಟ್ಟು ಕೈ ತೊಳೆದರು. ತೊಳೆದು ಮತ್ತೊಮ್ಮೆ ತೊಳೆದರು. “ಆ ಸೂಜಿ ತಗೊಂಡು ಬಾ. ಹ್ಯಾಂಗ ಚುಚ್ಚೋದು ನನಗೂ ತೋರಸು. ದಿನಾ ನಾ ಇರ್ತೇನಿ ಕೂಸಿನ ಕೂಡ, ನೀ ಇರಂಗಿಲ್ಲ” ಅಂದರು. ಹಳೆಯ ಸಿರಿಂಜಿನಲ್ಲಿ ನೀರು ತುಂಬಿ ಒಂದು ಬದನೆಕಾಯಿಗೆ ಚುಚ್ಚಿ ತೋರಿಸಿದೆ. ಅವರು ಚುಚ್ಚಿದರು. ಮೊದಲ ಸಲ ಕಣ್ಣು ಮುಚ್ಚಿದ್ದರು. “ಕಣ್ ತಗೀರಿ” ಅಂದೆ. ಮರುದಿನ ಸಂಜೆ ನಾನು ಬಂದಾಗ ತೂತು ಬಿದ್ದ ಬದನೆಕಾಯಿಗಳು ಸಾಲಾಗಿ ಕೂತಿದ್ದವು.

ಆ ದಿನದಿಂದ ಖೋಲಿ ಅವರದಾಯಿತು. ಪುಟಾಣಿಯನ್ನು ಗಲಗಲಿಯ ಕಡಲೆಯಿಂದ ಮನೆಯಲ್ಲೇ ಹುರಿದರು. ಗಿರಣಿಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಕಲ್ಲು ಒರೆಸಿಸಿ, ಮೊದಲು ಸ್ವಲ್ಪ ಗೋಧಿ ಹಾಕಿಸಿ ಆ ಹಿಟ್ಟನ್ನು ದನಕ್ಕೆ ಬಿಟ್ಟು, ಆಮೇಲೆ ನಮ್ಮದು ಬೀಸಿಸುತ್ತಿದ್ದರು. ಓಣಿಯವರು ಏನಾದರೂ ತಂದು ಕೊಟ್ಟರೆ ಹೊಸ್ತಿಲ ಹೊರಗೇ, “ಶೇಂಗಾ ಐತೇನ್ರಿ?” ಅಂತ ಕೇಳುತ್ತಿದ್ದರು. ಕೆಲವರಿಗೆ ಸಿಟ್ಟು ಬಂತು. ಅವರು ಲೆಕ್ಕಿಸಲಿಲ್ಲ.

ದೀಪಾವಳಿ ಹತ್ತಿರ ಬಂತು. ನಮ್ಮ ಕಡೆ ಹಬ್ಬದ ಮುಂಚೆ ಮನೆಮನೆಯಿಂದ ಹಿಟ್ಟು, ತುಪ್ಪ, ಸಕ್ಕರೆ ಒಯ್ದು ಬೇಕರಿಯ ಭಟ್ಟಿಯಲ್ಲಿ ಬಿಸ್ಕಿಟ್, ನಾನಕಟಾಯಿ ಮಾಡಿಸಿಕೊಂಡು ಬರುವ ರೂಢಿ. ಬೇಕರಿಯ ಮುಂದೆ ಹೆಂಗಸರ ಪಾಳಿ, ತಲೆಯ ಮೇಲೆ ತಗಡಿನ ಡಬ್ಬಗಳು, ಓಣಿಯ ತುಂಬ ಏಲಕ್ಕಿಯ ವಾಸನೆ. ಪಕ್ಕದ ಮನೆಯವರ ಡಬ್ಬ ನಮ್ಮ ಬಾಗಿಲ ಮುಂದೆ ಹಾದುಹೋದಾಗ ಸೃಷ್ಟಿ ಆಯಿಯ ಸೆರಗು ಹಿಡಿದಳು. “ಆಯೀ, ನಮ್ಮ ಬಿಸ್ಕಿಟ್ ಯಾವಾಗ?” ಆಮೇಲೆ ತಾನೇ ಹೇಳಿಕೊಂಡಳು, “ನನಗ ಒಗ್ಗಂಗಿಲ್ಲ, ಅಲ್ಲಾ?” ಅವಳು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆವೇನೋ. ಅವಳು ಅಳಲಿಲ್ಲ.

ಅತ್ತೆ ಆ ಕ್ಷಣವೇ ಸೆರಗು ಕೊಡವಿಕೊಂಡು ನನ್ನನ್ನು ಕರೆದುಕೊಂಡು ಬೇಕರಿಗೆ ಹೋದರು. ಬೇಕರಿಯ ದಸ್ತಗೀರ್ ಚಾಚಾ ಅವರಿಗೆ ಬಹಳ ವರ್ಷದ ಪರಿಚಯ. ಅತ್ತೆ ಎಲ್ಲ ವಿವರಿಸಿ, “ಪಾಳಿ ಚಾಲೂ ಆಗೋಕಿಂತ ಮೊದಲ ನಮ್ಮ ಬಿಸ್ಕಿಟ್ ಒಂದು ಘಾಣಿ ಹಾಕ್ರಿ. ತಗಡು ನಾವ ಹೊಸಾವು ತರ್ತೀವಿ” ಅಂದರು.

ಚಾಚಾ ಭಟ್ಟಿಯ ಕಡೆ ನೋಡಿದರು. ಒಳಗೆ ಶೇಂಗಾ ಉದುರಿಸಿದ ಬಿಸ್ಕಿಟ್ಟುಗಳ ತಗಡು ಆಗಷ್ಟೇ ಹೋಗಿತ್ತು.

“ಇಲ್ರಿ ನೀಲವ್ವಾರ. ಹಾಕಾಂಗಿಲ್ಲ.”

“ಯಾಕ್ರಿ?”

“ನನ್ನ ಭಟ್ಟಿ ನೆಲಾ ನೋಡ್ರಿ, ಗ್ವಾಡಿ ನೋಡ್ರಿ. ಎಲ್ಲಾ ಕಡೆ ಶೇಂಗಾನ. ನಾ ತೊಳದೇನಿ ಅಂತೇನಿ, ನೀವು ನಂಬತೀರಿ. ನಾಳಿ ಕೂಸಿಗೆ ಏನರ ಆದ್ರ ನಾ ಹ್ಯಾಂಗ ಉಣ್ಣಲಿ? ಸಿಟ್ಟ ಮಾಡಬ್ಯಾಡ್ರಿ.”

ಅತ್ತೆ ತಿರುಗಿ ನಡೆದರು. ದಾರಿಯಲ್ಲಿ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಆದರೆ ಸಂಜೆ ಚಾಚಾ ನಮ್ಮ ಮನೆಯ ಮುಂದೆ ಬಂದು ನಿಂತಿದ್ದರು. ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡು ಬಂದಿದ್ದರು. ಒಳಗೆ ಬರುವ ಮೊದಲು ತಾವೇ ನೀರು ಕೇಳಿ ಕೈ ತೊಳೆದರು.

“ನನ್ನ ಭಟ್ಟಿಗೆ ನೀವು ಬರಾಕ ಆಗಂಗಿಲ್ಲ. ನಿಮ್ಮ ಮನ್ಯಾಗ ಭಟ್ಟಿ ಮಾಡಾಕ ಆಗತೈತಿ. ದೊಡ್ಡ ಭಗೋಣಿ ಐತೇನ್ರಿ? ಉಸುಕು?”

ಭಗೋಣಿ ಹೊಸದು ತಂದೆವು. ಉಸುಕು ಗಲಗಲಿಯಿಂದ ಬಂತು. ಅಣ್ಣ ಹೊಳೆಯಿಂದ ತಂದು ತೊಳೆದು ಒಣಗಿಸಿ ಕಟ್ಟಿದ್ದ. ಹಿತ್ತಲಿನಲ್ಲಿ ಒಲೆ ಹೂಡಿ, ಭಗೋಣಿಯ ತಳದಲ್ಲಿ ಉಸುಕು ಹಾಕಿ ಕಾಯಿಸಿ, ಮೇಲೆ ತಾಟು ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡುವುದನ್ನು ಚಾಚಾ ದೂರ ಕೂತು ಹೇಳಿಕೊಟ್ಟರು. ತಾವು ಏನನ್ನೂ ಮುಟ್ಟಲಿಲ್ಲ. “ಕೆಳಗಿನ ಬೆಂಕಿ ಸಣ್ಣಗಿರಲಿ, ಮ್ಯಾಲಿನ ಕೆಂಡ ಜೋರಿರಲಿ” ಅನ್ನುತ್ತಿದ್ದರು. ಮೊದಲಿನವು ತಳ ಹತ್ತಿ ಕಪ್ಪಾದವು. ಎರಡನೆಯವು ಒಳಗೆ ಹಸಿ. ಅತ್ತೆ ಬೆವರು ಒರೆಸಿಕೊಳ್ಳುತ್ತ ಮತ್ತೆ ತುಪ್ಪ, ಸಕ್ಕರೆ ನಾದಿದರು. ಮೂರನೆಯ ಸಲ ಮುಚ್ಚಳ ತೆಗೆದಾಗ ನಾನಕಟಾಯಿಗಳ ಬೆನ್ನು ಸಣ್ಣಗೆ ಸೀಳಿ ಹೊಂಬಣ್ಣಕ್ಕೆ ತಿರುಗಿದ್ದವು. ಸೃಷ್ಟಿ ಹಿತ್ತಲಿನ ತುಂಬ ಕುಣಿದಳು. ಡಬ್ಬ ತುಂಬಿ ಅವಳ ಕೈಗೆಟಕುವ ಹಲಗೆಯ ಮೇಲೆ ಅತ್ತೆ ಇಟ್ಟರು. ಈ ಮನೆಯಲ್ಲಿ ಅವಳು ಕೇಳದೆ ತಿನ್ನಬಹುದಾದದ್ದು ಒಂದಾದರೂ ಇರಲಿ ಎಂದು.

ಅಮಾವಾಸ್ಯೆಯ ದಿನ ನನಗೆ ರಜೆ ಸಿಗಲಿಲ್ಲ. ಹಬ್ಬಕ್ಕೆ ಊರಿಗೆ ಹೋಗುವವರ ಗದ್ದಲ, ಹೆಚ್ಚಿನ ಗಾಡಿಗಳು. ಮಧ್ಯಾಹ್ನ ಮುಧೋಳದಿಂದ ಹೊರಟಾಗ ನಿಲ್ಲಲೂ ಜಾಗವಿರಲಿಲ್ಲ. ಕಬ್ಬಿನ ಹಂಗಾಮು ಶುರುವಾಗಿ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ನಡುದಾರಿಯಲ್ಲಿ ಫೋನ್ ಬಂತು. ಗಂಡನ ತಂಗಿ ಮಾದೇವಿ. ಅವಳು ತನ್ನ ಮಗಳನ್ನು ಕರೆದುಕೊಂಡು ಆ ದಿನ ಮುಂಜಾನೆ ಹಬ್ಬಕ್ಕೆ ಬಂದಿದ್ದಳು.

“ವೈನಿ, ಸೃಷ್ಟಿ… ತುಟಿ ಬಾತಾವು. ಉಸಿರ ಹಿಡಿಯಾಕತ್ತೈತಿ. ಅಣ್ಣ ಪ್ಯಾಟಿಗೆ ಹೋಗ್ಯಾನ.”

“ಏನ್ ತಿಂದ್ಲು?”

“ಬಿಸ್ಕಿಟ್. ಮನೀವೇ. ನನ್ನ ಮಗಳು ಬಸ್ಸಿನ್ಯಾಗ ಚಿಕ್ಕಿ ತಿಂದಿದ್ಲು… ಅದೇ ಕೈಲೆ ಡಬ್ಬ್ಯಾಗ ಕೈ ಹಾಕ್ಯಾಳ. ನನಗ ಗೊತ್ತಾಗಲಿಲ್ಲ ವೈನಿ…”

“ಅದು ಆಮ್ಯಾಲ. ಅತ್ತಿಯಾರ ಎಲ್ಲಿ? ಫೋನ್ ಸ್ಪೀಕರಿಗೆ ಹಾಕು.”

ಇಂಜಿನ್ನಿನ ಸಪ್ಪಳದಲ್ಲಿ ಆ ಕಡೆಯ ದನಿ ಮುಳುಗುತ್ತಿತ್ತು. ನಾನು ಕೂಗಿದ್ದು ಸಂಗಪ್ಪಣ್ಣನಿಗೆ ಕೇಳಿಸಿರಬೇಕು. ಗಾಡಿಯನ್ನು ಕಬ್ಬಿನ ಹೊಲದ ಪಕ್ಕಕ್ಕೆ ತೆಗೆದು ಇಂಜಿನ್ ಬಂದ್ ಮಾಡಿಬಿಟ್ಟರು. ಹಿಂದೆ ತಿರುಗಿ ಕೈ ಎತ್ತಿದರು. ಗಾಡಿ ತುಂಬ ಜನ. ಅಷ್ಟು ತುಂಬಿದ ಬಸ್ಸು ಅಷ್ಟು ಸುಮ್ಮನಾದದ್ದನ್ನು ನಾನು ಮತ್ತೆ ಎಂದೂ ಕಂಡಿಲ್ಲ.

“ಅತ್ತಿಯಾರ, ಸೀಸೆ ತಗೊಂಡ್ರೇನ್ರಿ?”

“ತಗೊಂಡೇನಿ. ಕೈ ನಡಗಾಕತ್ತೈತಿ ಗಿರಿಜಾ.”

“ನಡಗಲಿ. ಅರಿವಿ ಸುತ್ತಿ ಸೀಸೆದ ಕೊರಳು ಮುರೀರಿ.”

ಟಕ್ ಎಂಬ ಸಪ್ಪಳ ನನಗೂ ಕೇಳಿಸಿತು.

“ಗೆರಿ ತನಕಾ ಎಳೀರಿ. ಗಾಳಿ ಹೊರಗ ತಗೀರಿ. ಮಾದೇವಿ, ನೀ ಕಾಲು ಗಟ್ಟಿ ಹಿಡಿ.”

“ಎಳದೆ. ಆತು. ಗೆರಿಗೆ ಬಂತು.” ಹಿನ್ನೆಲೆಯಲ್ಲಿ ಆ ಸೀಟಿಯಂಥ ಉಸಿರು. ಆಮೇಲೆ ಅತ್ತೆಯ ದನಿ, ಬಹಳ ಸಣ್ಣಗೆ, “ಇದು ಬದನಿಕಾಯಿ ಅಲ್ಲ ಬೇ. ನನ್ನ ಕೂಸು.”

“ಚುಚ್ಚರಿ ಅತ್ತಿಯಾರ. ಕಣ್ ತಗದು ಚುಚ್ಚರಿ.”

ಸೃಷ್ಟಿ ಚೀರಿದ್ದು ಕೇಳಿಸಿತು. ಚೀರಲು ಉಸಿರು ಬೇಕು. ನಾನು ಸೀಟಿನ ಕಂಬ ಹಿಡಿದು ನಿಂತೆ.

ಅಷ್ಟರಲ್ಲಿ ಗಂಡ ಬಂದರು, ಪಕ್ಕದವರ ಕಾರಿನಲ್ಲಿ ಜಮಖಂಡಿಗೆ ಹೊರಟಿದ್ದೇವೆ ಎಂದರು. ಸಂಗಪ್ಪಣ್ಣ ಗಾಡಿ ಚಾಲೂ ಮಾಡಿದರು. ನಡುವೆ ಇಳಿಯಬೇಕಾದ ಹೆಂಗಸೊಬ್ಬಳು ತನ್ನೂರು ಬಂದಾಗಲೂ ಏಳಲಿಲ್ಲ. “ನಡೀರಿ ಅಣ್ಣಾರ, ನಾ ಜಮಖಂಡಿಯಿಂದ ಹೊಳ್ಳಿ ಬರ್ತೇನಿ” ಅಂದಳು. ಅವಳ ಹಿಂದೆ ಇನ್ನೂ ಕೆಲವರು ಹಾಗೇ ಕೂತರು. ಟ್ರ್ಯಾಕ್ಟರಿನವರಿಗೆ ಕಿಟಕಿಯಿಂದ ಕೈ ಬೀಸಿ ದಾರಿ ಬಿಡಿಸಿದವರೂ ಪ್ರಯಾಣಿಕರೇ.

ಆಸ್ಪತ್ರೆಗೆ ನಾನು ಓಡಿ ಬಂದಾಗ ಸೃಷ್ಟಿ ಹಾಸಿಗೆಯ ಮೇಲಿದ್ದಳು. ಮೂಗಿಗೆ ಆಮ್ಲಜನಕದ ನಳಿಕೆ, ಮುಖ ಇನ್ನೂ ಊದಿಕೊಂಡಿತ್ತು, ಆದರೆ ಎದೆ ಸಮನಾಗಿ ಏರಿ ಇಳಿಯುತ್ತಿತ್ತು. ಡಾಕ್ಟರು ಹೊರಗೆ ಬಂದು ಕೇಳಿದರು: “ಮನ್ಯಾಗ ಇಂಜೆಕ್ಷನ್ ಕೊಟ್ಟೋರು ಯಾರು?”

ಗೋಡೆಗೆ ಒರಗಿ ನಿಂತಿದ್ದ ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ನಾನ್ರೀ. ಸಾಲಿ ಕಲತಾಕಿ ಅಲ್ರಿ ನಾ. ತಪ್ಪಾತೇನ್ರಿ?”

ಡಾಕ್ಟರು ಅವರ ಸೆರಗಿನೊಳಗಿನ ಕೈಯನ್ನು ಹುಡುಕಿ ಹಿಡಿದುಕೊಂಡರು. ಗಾಜು ತಾಗಿ ಹೆಬ್ಬೆರಳು ಸೀಳಿತ್ತು, ರಕ್ತ ಒಣಗಿತ್ತು. “ಇಲ್ಲಿ ಬರೋ ತನಕಾ ನೀವು ತಡದಿದ್ರ ನಾ ಏನೂ ಮಾಡಾಕ ಆಗ್ತಿರಲಿಲ್ಲ” ಅಂದರು. ನರ್ಸನ್ನು ಕರೆದು ಆ ಬೆರಳಿಗೆ ಪಟ್ಟಿ ಕಟ್ಟಿಸಿದರು. ಅತ್ತೆ ಪಟ್ಟಿ ಕಟ್ಟಿಸಿಕೊಳ್ಳುವವರೆಗೂ ಗಟ್ಟಿಯಾಗಿದ್ದವರು, ಕಟ್ಟಿ ಮುಗಿದ ಮೇಲೆ ನನ್ನ ಹೆಗಲಿಗೆ ಹಣೆ ಹಚ್ಚಿ ಅತ್ತರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಹಾಗೆ ಹಿಡಿದುಕೊಂಡದ್ದು ಅದೇ ಮೊದಲು.

ಮೂಲೆಯಲ್ಲಿ ಮಾದೇವಿ ತನ್ನ ಮಗಳನ್ನು ಬೈಯುತ್ತಿದ್ದಳು. ಅತ್ತೆ ಕಣ್ಣು ಒರೆಸಿಕೊಂಡು ಆ ಕಡೆ ಹೋದರು. “ಬೈಬ್ಯಾಡ ಆಕಿನ್ನ. ಆಕಿಗಿ ಏನ್ ಗೊತ್ತಾಗಬೇಕು? ನನಗ ತಿಳಿಯಾಕ ಇಷ್ಟ ದಿನಾ ಹಿಡೀತು” ಅಂದು ಆ ಹುಡುಗಿಯನ್ನು ತಮ್ಮ ಬದಿಗೆ ಕೂರಿಸಿಕೊಂಡರು.

ಪಾಡ್ಯ ಆಸ್ಪತ್ರೆಯಲ್ಲೇ ಕಳೆಯಿತು. ಮರುದಿನ ಮನೆಗೆ ಬಂದೆವು. ಊರಿಗೆಲ್ಲ ಹಬ್ಬ ಮುಗಿದಿತ್ತು, ಓಣಿಯಲ್ಲಿ ಪಟಾಕಿಯ ಕಾಗದ ಬಿದ್ದಿತ್ತು. ಬಿಸ್ಕಿಟ್ಟಿನ ಡಬ್ಬವನ್ನು ಗಂಡ ಮುಂಚೆಯೇ ಹೊರಗೆ ಹಾಕಿದ್ದರು. ಅತ್ತೆ ಹಿತ್ತಲಿಗೆ ಹೋಗಿ ಒಲೆಯ ಬೂದಿ ತೆಗೆದರು. ಕಟ್ಟಿದ ಬೆರಳನ್ನು ಮೇಲೆತ್ತಿ ಹಿಡಿದು ಒಂದೇ ಕೈಯಿಂದ ಹಿಟ್ಟು ನಾದಲು ಹೊರಟವರನ್ನು ಸರಿಸಿ ನಾನು ಕೂತೆ. ಮಾದೇವಿ ಬಾಗಿಲಲ್ಲಿ ಬಕೆಟ್ಟಿನ ತುಂಬ ನೀರು, ಸಾಬೂನು ಇಟ್ಟು ತಾನೂ ತೊಳೆದುಕೊಂಡು ಮಗಳ ಉಗುರಿನ ಸಂದಿಯನ್ನೂ ಬಿಡದೆ ತಿಕ್ಕಿ ಒಳಗೆ ಕಳಿಸಿದಳು. ಗಂಡ ಕೆಂಡ ಹರಡಿದರು.

ಬಿಸಿ ಆರಿದ ಮೇಲೆ ಅತ್ತೆ ಒಂದು ನಾನಕಟಾಯಿ ತೆಗೆದು ಸೃಷ್ಟಿಯ ಕೈಗೆ ಕೊಟ್ಟರು. ಅವಳು ಅದನ್ನು ತಿರುಗಿಸಿ ನೋಡಿದಳು. ಒಂದು ತುದಿ ಕಚ್ಚಿದಳು. ನಾನು ಅವಳ ತುಟಿ ನೋಡುತ್ತಿದ್ದೆ. ಅತ್ತೆ ಅವಳ ಕೊರಳು ನೋಡುತ್ತಿದ್ದರು. ಗಂಡ ಇಕ್ಕಳ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ್ದರು. ಇನ್ನೊಂದು ತುಣುಕು ಕಚ್ಚಿದಳು, ನುಂಗಿದಳು, ಗಲ್ಲದ ಮೇಲಿನ ಪುಡಿಯನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ ತಲೆ ಎತ್ತಿ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದಳು.

“ಎಲ್ಲಾರೂ ಯಾಕ ನನ್ನ ಬಾಯಿನ ನೋಡಾಕತ್ತೀರಿ?” ಅಂದಳು. “ನಿಮಗೂ ಬೇಕೇನು?”

ಅತ್ತೆ ಕೈ ಚಾಚಿದರು. ತನ್ನ ಬಿಸ್ಕಿಟ್ಟನ್ನು ಮುರಿದು, ಹೆಚ್ಚಿನ ಪಾಲನ್ನು ತನಗೇ ಇಟ್ಟುಕೊಂಡು, ಉಳಿದ ಚೂರನ್ನು ಸೃಷ್ಟಿ ಆಯಿಯ ಅಂಗೈಗೆ ಹಾಕಿದಳು.